ಪ್ರತಿಯೇ ಇಲ್ಲದ ಸಿನಿಮಾ ಇತ್ತು ಅಂತ ಹೇಗೆ ಗೊತ್ತು?

“ಒಂದು ಪ್ರತಿಯೂ ಉಳಿದಿಲ್ಲ ಅಂತೀರಿ. ಹಾಗಿದ್ದಮೇಲೆ ಆ ಸಿನಿಮಾ ಇತ್ತು ಅಂತ ಹೇಗೆ ಹೇಳ್ತೀರಿ?” ಹಳೆಯ ಮೂಕಿ ಚಿತ್ರಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು.

ಫ್ರಾನ್ಸಿನ ನಿರ್ದೇಶಕ ಜಾರ್ಜ್ ಮೆಲಿಯೆಸ್ 1904ರಲ್ಲಿ ತೆಗೆದ, ಈಗ ಒಂದು ಪ್ರತಿಯೂ ಸಿಗದ ‘ಸೆವಿಲ್‌ನ ಕ್ಷೌರಿಕ’ವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಂಡ ಚಿತ್ರ ನೆನಪಿದೆಯಲ್ವಾ, ಅದನ್ನು ತೆಗೆದವರೇ ಇವರು. ಕಥೆ ಫ್ರೆಂಚ್ ನಾಟಕಕಾರ ಬೊಮಾರ್ಶೆಯ ನಗೆನಾಟಕದ್ದು. 1775ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಆಡಿದ ನಾಟಕ. ಮುದುಕ ಡಾಕ್ಟರ್ ಬಾರ್ತೊಲೊ ತನ್ನ ಆಶ್ರಯದಲ್ಲಿರುವ ರೋಸಿನ್ ಎಂಬ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಿ ತಾನೇ ಮದುವೆಯಾಗಲು ಹೊರಟಿರುತ್ತಾನೆ. ಅವಳನ್ನು ಪ್ರೀತಿಸುವ ಕೌಂಟ್, ಕ್ಷೌರಿಕ ಫಿಗಾರೊನ ನೆರವಿನಿಂದ, ಒಮ್ಮೆ ಸೈನಿಕನ ವೇಷದಲ್ಲಿ, ಇನ್ನೊಮ್ಮೆ ಸಂಗೀತದ ಮೇಷ್ಟ್ರ ವೇಷದಲ್ಲಿ ಒಳಗೆ ನುಗ್ಗುತ್ತಾನೆ. ಈ ನಾಟಕದ ಜೀವ ಇರುವುದೇ ಮಾತಿನಲ್ಲಿ. ಮಾತೇ ಇಲ್ಲದ ಪರದೆಯ ಮೇಲೆ ಅದನ್ನು ಹೇಗೆ ತಂದರೋ, ನೋಡುವ ಆಸೆ ನನಗೆ ತುಂಬಾ ಇದೆ.

ಈಗ ಉತ್ತರಕ್ಕೆ ಬರೋಣ. ಅದು ಇತ್ತು ಅಂತ ಹೇಳುವುದು ಮಾರಾಟದ ಪಟ್ಟಿ. ಆಗ ಸಿನಿಮಾಗಳನ್ನು ಹೆಚ್ಚಾಗಿ ಬಾಡಿಗೆಗೆ ಕೊಡುತ್ತಿರಲಿಲ್ಲ, ಬಟ್ಟೆಯ ಹಾಗೆ ಅಳತೆ ಹಾಕಿ ಮಾರುತ್ತಿದ್ದರು. ಮೆಲಿಯೆಸ್ ಅವರ ಸ್ಟಾರ್ ಫಿಲ್ಮ್ ಸಂಸ್ಥೆ ಸುಮಾರು 20 ಮೀಟರ್ ರೀಲಿಗೆ ಒಂದು ಸಂಖ್ಯೆ ಕೊಡುತ್ತಿತ್ತು. ಈ ಚಿತ್ರಕ್ಕೆ ಸಿಕ್ಕಿದ್ದು 606ರಿಂದ 625. ಅಂದರೆ ಸುಮಾರು 400 ಮೀಟರ್, ಇಪ್ಪತ್ತು ನಿಮಿಷದ ಆಸುಪಾಸು. ಆ ಕಾಲಕ್ಕೆ ದೊಡ್ಡ ಸಿನಿಮಾ!

ಕಳೆದುಹೋದದ್ದು ಹೇಗೆ? ಸಂತೆ-ಜಾತ್ರೆಗಳಲ್ಲಿ ತೋರಿಸುವವರು ಕೊಂಡ ಪ್ರತಿಯನ್ನು ಸವೆಯುವವರೆಗೂ ಓಡಿಸಿದರು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಮೆಲಿಯೆಸ್ ಅವರ ನೂರಾರು ಪ್ರತಿಗಳನ್ನು ವಶಪಡಿಸಿಕೊಂಡು ಕರಗಿಸಿತು, ಬೂಟಿನ ಹಿಮ್ಮಡಿ ಮಾಡಲು. 1923ರಲ್ಲಿ, ಸಾಲದಲ್ಲಿ ಮುಳುಗಿ ಸ್ಟುಡಿಯೋ ಬಿಡಬೇಕಾದಾಗ, ಉಳಿದ ನೆಗೆಟಿವ್‌ಗಳನ್ನು, ಅಂದರೆ ಪ್ರತಿ ತೆಗೆಯುವ ಮೂಲ ರೀಲುಗಳನ್ನು, ಅವರೇ ಸುಟ್ಟರು. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವರ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿದಿರುವುದು 200 ಚಿಲ್ಲರೆ. ನಮ್ಮ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ವೂ ಹೀಗೇ ಹೋಯಿತಲ್ಲ.

ಆದರೆ ‘ಕಳೆದುಹೋದ’ ಅಂದರೆ ಇದುವರೆಗೆ ಸಿಕ್ಕಿಲ್ಲ ಅಂತ ಅಷ್ಟೇ. ಮೆಲಿಯೆಸ್ ಅದೇ 1904ರಲ್ಲಿ ತೆಗೆದ ಒಂದು ಜಾದೂ ಚಿತ್ರವೂ ಹೋಯಿತು ಅಂತಲೇ ಎಲ್ಲರೂ ತಿಳಿದಿದ್ದರು. ಅದು 2016ರಲ್ಲಿ ಪ್ರಾಗ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಪತ್ತೆಯಾಯಿತು. ಅಲ್ಲಿಯವರೆಗೆ ಆ ರೀಲಿನ ಮೇಲೆ ಬೇರೆ ಸಿನಿಮಾದ ಹೆಸರಿತ್ತು.