ಭಾಷಣಕ್ಕೆ ಮೊದಲು ಕೆಲಸ ನೋಡೋಣ

ಮಾರ್ಚ್ ಸಮೀಪಿಸಿತೆಂದರೆ ನನಗೆ ಬರುವ ಕರೆಗಳು ಹೆಚ್ಚುತ್ತವೆ. ತರಬೇತಿಗೆಂದು ತೆಗೆದಿಟ್ಟ ಹಣ ವರ್ಷ ಮುಗಿಯುವುದರೊಳಗೆ ಖರ್ಚಾಗಬೇಕಲ್ಲ. ‘ನಮ್ಮ ಸಿಬ್ಬಂದಿಗೆ ಹುರುಪೇ ಇಲ್ಲ, ಒಂದು ದಿನ ಬಂದು ಪ್ರೇರಣೆ ತುಂಬಿ ಹೋಗಿ’ ಎನ್ನುತ್ತಾರೆ. ಶಿರಸಿಯ ಅಡಿಕೆ ವ್ಯಾಪಾರಿಯಿರಲಿ, ಕಾರವಾರದ ಹೋಟೆಲ್ ಮಾಲೀಕರಿರಲಿ, ಮಾತು ಇದೇ. ‘ಮೊದಲು ಕೆಲಸ ಹೇಗೆ ನಡೆಯುತ್ತದೆಂದು ನೋಡುತ್ತೇನೆ’ ಎಂದರೆ ಆ ಕಡೆ ಮೌನ. ಸೋಮಾರಿಗಳು ಎಂದು ಹೇಳಿಯಾಯಿತಲ್ಲ, ಇನ್ನು ನೋಡುವುದೇನು ಎಂಬ ಮೌನ.

ಗುರುತು ಸಿಗದಷ್ಟು ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಅಡಿಕೆ ಗೋದಾಮೊಂದರಲ್ಲಿ ಚಾಲಿಯ, ಅಂದರೆ ಒಣಗಿಸಿ ಸುಲಿದ ಒಳ್ಳೆಯ ಅಡಿಕೆಯ, ಚೀಲಗಳಲ್ಲಿ ಬಿಳಿಗೋಟು, ಕೋಕಾ ಎಂಬ ಕೆಳದರ್ಜೆಯ ಅಡಿಕೆಗಳು ಬೆರೆತು ಹೋಗುತ್ತಿದ್ದವು. ಆರಿಸುವ ಹೆಂಗಸರಿಗೆ ಶ್ರದ್ಧೆ ಇಲ್ಲ ಎಂದು ಮಾಲೀಕರು ತೀರ್ಪು ಕೊಟ್ಟಾಗಿತ್ತು. ನಾನು ಹೋದದ್ದು ಮಳೆಗಾಲದ ಮಧ್ಯಾಹ್ನ. ಕಿಟಕಿ ಮುಚ್ಚುವಂತೆ ಚೀಲ ಒಟ್ಟಿದ್ದರು; ಇದ್ದೊಂದು ಟ್ಯೂಬ್‌ಲೈಟ್ ಕರೆಂಟ್ ಹೋದಾಗಲೆಲ್ಲ ಆರುತ್ತಿತ್ತು. ಒಬ್ಬಾಕೆ ಅನುಮಾನ ಬಂದ ಅಡಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹೊರಳಿಸಿ, ಸುಕ್ಕು ನೋಡಿ ಆಮೇಲೆ ಗುಡ್ಡೆಗೆ ಹಾಕುತ್ತಿದ್ದರು. ಪಕ್ಕದಾಕೆ ಸರಸರ ಸುರಿಯುತ್ತಿದ್ದರು. ಕೂಲಿ ತೂಕದ ಮೇಲೆ. ಸಂಜೆ ಯಾರ ಕೈಗೆ ಹೆಚ್ಚು ಹಣ ಬಂತೆಂದು ಹೇಳಬೇಕಾಗಿಲ್ಲ. ಮಾಲೀಕರು ದುಡ್ಡು ಕೊಡುತ್ತಿದ್ದುದು ವೇಗಕ್ಕೆ, ಬೈಯುತ್ತಿದ್ದುದು ಶ್ರದ್ಧೆ ಇಲ್ಲವೆಂದು.

ದಿನಗೂಲಿ ಗೊತ್ತುಮಾಡಿ, ದೀಪ ಹಾಕಿಸಿ, ಯಾರು ಆರಿಸಿದ ಚೀಲದಲ್ಲಿ ಏನು ಸಿಕ್ಕಿತೆಂದು ಅವರಿಗೇ ತಿಳಿಸತೊಡಗಿದ ಮೇಲೆ ಬೆರಕೆ ಕಡಿಮೆಯಾಯಿತು. ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟೆಂದು ಹೇಳಲಾರೆ. ವೇಗ ತುಸು ತಗ್ಗಿತು ಎಂಬುದೂ ನಿಜ.

ಬೇರೆಯವರ ನಡತೆಗೆ ಕಾರಣ ಹುಡುಕುವಾಗ ನಾವು ಸ್ವಭಾವವನ್ನೇ ಹಿಡಿದುಕೊಂಡು ಸನ್ನಿವೇಶವನ್ನು ಕಡೆಗಣಿಸುತ್ತೇವೆ. ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಇದನ್ನು ಮೂಲಭೂತ ಆರೋಪಣ ದೋಷ ಎಂದು ಕರೆದರು. ನಾವು ತಡವಾಗಿ ಬಂದರೆ ದೇವಿಮನೆ ಘಟ್ಟದಲ್ಲಿ ಲಾರಿ ಅಡ್ಡ ನಿಂತಿತ್ತು. ಗುಮಾಸ್ತ ತಡವಾಗಿ ಬಂದರೆ ಅವನಿಗೆ ಶಿಸ್ತಿಲ್ಲ.

ಇಷ್ಟು ಹೇಳಿದ ಕೂಡಲೇ ‘ಹಾಗಾದರೆ ಅವನದೇನೂ ತಪ್ಪಿಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಪ್ಪು ಯಾರದೆಂದು ನಾನು ಹೇಳುತ್ತಲೇ ಇಲ್ಲ, ಸ್ವಾಮಿ. ಎಲ್ಲಿ ಕೈ ಹಾಕಿದರೆ ಬದಲಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ನಲವತ್ತೈದು ವರ್ಷದ ಮನುಷ್ಯನ ಸ್ವಭಾವವನ್ನು ಒಂದು ದಿನದ ಭಾಷಣ ತಿದ್ದುವುದಿಲ್ಲ. ಅವನ ಮೇಜಿನ ಮೇಲಿನ ಕೆಲಸದ ಕ್ರಮವನ್ನು ಒಂದು ವಾರದಲ್ಲಿ ತಿದ್ದಬಹುದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಚೇರಿಯಲ್ಲಿ ‘ಜಡ’ ಎಂದು ಹೆಸರಾದ ಗುಮಾಸ್ತ ಶನಿವಾರ ರಾತ್ರಿ ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತವಿಲ್ಲದ ಯಕ್ಷಗಾನದಲ್ಲಿ, ಕುಳಿತು ಬೆಳಗಿನ ಜಾವದವರೆಗೆ ಮದ್ದಳೆ ನುಡಿಸುತ್ತಾನೆ, ಕಾಸಿನ ಆಸೆಯಿಲ್ಲದೆ. ‘ಅದು ಅವನಿಗೆ ಆಸಕ್ತಿ’ ಎಂದು ಸಾಹೇಬರು ಕೈ ತೊಳೆದುಕೊಳ್ಳುತ್ತಾರೆ. ಆ ಆಸಕ್ತಿ ಆಕಾಶದಿಂದ ಇಳಿದದ್ದಲ್ಲ. ಅಲ್ಲಿ ತಾಳ ತಪ್ಪಿದರೆ ಆ ಕ್ಷಣವೇ ಹಾಡಿ ಪ್ರಸಂಗ ನಡೆಸುವ ಭಾಗವತರ ಕಣ್ಣು ಇವನ ಕಡೆ ತಿರುಗುತ್ತದೆ. ಪ್ರಸಂಗ ಆರಂಭದಿಂದ ಮಂಗಳದವರೆಗೆ ಇವನ ಕೈಯಲ್ಲೇ ನಡೆಯುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದರಲ್ಲಿ ಇವನಿಗೂ ಮಾತಿದೆ. ಸೋಮವಾರ ಕಚೇರಿಯಲ್ಲಿ ಅದೇ ಮನುಷ್ಯ ಸಾಲದ ಅರ್ಜಿಯ ಮೂರನೆಯ ಪುಟಕ್ಕೆ ಮೊಹರು ಒತ್ತುತ್ತಾನೆ. ಸಾಲ ಸಿಕ್ಕಿತೋ ಇಲ್ಲವೋ ಅವನಿಗೆ ತಿಳಿಯುವುದೇ ಇಲ್ಲ. ಸರಿ ಮಾಡಿದರೆ ಯಾರೂ ಮಾತಾಡುವುದಿಲ್ಲ, ತಪ್ಪಿದರೆ ಆರು ತಿಂಗಳ ಮೇಲೆ ಆಡಿಟ್‌ನಲ್ಲಿ ನೋಟಿಸ್. ಕೆಲಸದ ಸ್ವರೂಪವನ್ನು ಅಧ್ಯಯನ ಮಾಡಿದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡಮ್ 1970ರ ದಶಕದಲ್ಲಿ ಒಳಪ್ರೇರಣೆಗೆ ಬೇಕೆಂದು ಪಟ್ಟಿ ಮಾಡಿದವು ಇವೇ: ಬಗೆಬಗೆಯ ಕೌಶಲ, ಪೂರ್ತಿಯಾದ ಕೆಲಸ, ಅದರ ಮಹತ್ವ, ಸ್ವಾತಂತ್ರ್ಯ ಮತ್ತು ಫಲದ ಅರಿವು. ಮದ್ದಳೆಯ ಮುಂದೆ ಐದೂ ಇವೆ. ಮೊಹರಿನ ಮುಂದೆ ಒಂದನ್ನಾದರೂ ತೋರಿಸಿ, ಆಮೇಲೆ ಜಡನೆನ್ನಿ.

ಇದು ವಿದೇಶದ ಮಾತು, ನಮ್ಮಲ್ಲಿ ನಡೆಯದು ಎನ್ನುವವರಿಗೆ ಅಹಮದಾಬಾದಿನ ಕ್ಯಾಲಿಕೊ ಬಟ್ಟೆ ಮಿಲ್ ನೆನಪಿಸುತ್ತೇನೆ. ಸ್ವಯಂಚಾಲಿತ ಮಗ್ಗ ತಂದರೂ ಅಲ್ಲಿ ಉತ್ಪಾದನೆ ಏರಿರಲಿಲ್ಲ. ಕೆಲಸವನ್ನು ಚೂರು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ಹಂಚಿದ್ದರು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ. ಕೆ. ರೈಸ್ ಅವರ ಸಲಹೆಯನ್ನು ಕೆಲಸಗಾರರೇ ಮುಂದೆ ನಿಂತು ಕೈಗೆತ್ತಿಕೊಂಡು, ಒಂದೊಂದು ತಂಡ ಒಂದಿಷ್ಟು ಮಗ್ಗಗಳ ಪೂರ್ತಿ ಹೊಣೆ ಹೊರುವಂತೆ ಮಾಡಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು.

ಎಲ್ಲಕ್ಕೂ ವ್ಯವಸ್ಥೆಯೇ ಕಾರಣವೆಂದು ನಾನು ವಾದಿಸುವುದಿಲ್ಲ. ಕೆಲವರಿಗೆ ಆ ಕೆಲಸ ಒಗ್ಗುವುದೇ ಇಲ್ಲ. ಕೆಲವರ ಮಂಕುತನದ ಹಿಂದೆ ಖಿನ್ನತೆ ಇರಬಹುದು, ಕುಡಿತವಿರಬಹುದು. ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ನಾನಲ್ಲ, ಮ್ಯಾನೇಜರ್ ಅಂತೂ ಖಂಡಿತ ಅಲ್ಲ. ಆದರೆ ಒಂದು ವಿಭಾಗದಲ್ಲಿ ಹತ್ತರಲ್ಲಿ ಎಂಟು ಮಂದಿ ‘ಸೋಮಾರಿ’ಗಳಾಗಿದ್ದರೆ, ದಯವಿಟ್ಟು ಜಾತಕ ನೋಡುವುದನ್ನು ಬಿಟ್ಟು ಕೆಲಸ ನೋಡಿ.

ಹಾಗಾಗಿ ಈ ಮಾರ್ಚ್‌ನಲ್ಲಿ ಕರೆಯುವವರಲ್ಲಿ ಒಂದು ವಿನಂತಿ. ಶಾಲು, ಹಣ್ಣಿನ ಬುಟ್ಟಿ, ಸಭಾಂಗಣ ಬೇಡ. ಹಿಂದಿನ ಆರು ತಿಂಗಳ ಹಾಜರಿ ಪುಸ್ತಕ, ಕೂಲಿ ಅಥವಾ ಬಡ್ತಿ ಲೆಕ್ಕ ಹಾಕುವ ಕ್ರಮ ಮತ್ತು ಕೆಲಸ ನಡೆಯುವಲ್ಲಿ ಕೂರಲು ಒಂದು ಸ್ಟೂಲು ಸಾಕು. ಸ್ಟೂಲು ಎರಡಿದ್ದರೆ ಇನ್ನೂ ಒಳ್ಳೆಯದು, ಮಾಲೀಕರೂ ಕೂರಬಹುದು. ಮೊಬೈಲ್ ಮಾತ್ರ ಹೊರಗಿಟ್ಟು ಬರಲಿ.