ಸರ್ಕಾರಿ ವಕೀಲರ ಫೀಸು: ಬಿಲ್ಲು ನೋಡುವವರಿದ್ದಾರೆ, ಕಡತ ನೋಡುವವರು ಯಾರು?

ಸಾಗರ, ಸೊರಬ, ಹೊಸನಗರದ ಕಡೆ ಜಮೀನಿನ ಕೇಸು ಕಾಣದ ಊರು ಸಿಗುವುದು ಕಷ್ಟ. ಬಗರ್ ಹುಕುಂ (ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಶರಾವತಿ ಮುಳುಗಡೆಯವರ ಜಾಗ, ಯಾವುದೇ ತಕರಾರು ತೆಗೆದರೂ ಎದುರಿಗೆ ಸರ್ಕಾರ ಇದ್ದೇ ಇರುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಅದರ ಪರ ನಿಲ್ಲುವ ಸರ್ಕಾರಿ ವಕೀಲರು ನೌಕರರಲ್ಲ. ಅಲ್ಲೇ ಪ್ರಾಕ್ಟೀಸ್ ಮಾಡುವವರನ್ನು ಸರ್ಕಾರ ಫೀಸು ಕೊಟ್ಟು ನೇಮಿಸಿಕೊಂಡಿರುತ್ತದೆ.

ಈ ಏರ್ಪಾಡು ಬ್ರಿಟಿಷರ ಕಾಲದ್ದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಸರ್ಕಾರಿ ವಕೀಲರ ಪ್ರಸ್ತಾಪವಿದೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು ಎಂದು ಅದರ 80ನೇ ಸೆಕ್ಷನ್ ಹೇಳುತ್ತದೆ. ಆ ಎರಡು ತಿಂಗಳಲ್ಲಿ ಸಾಧ್ಯವಾದರೆ ವಿಷಯ ಮುಗಿಸಿಕೊಳ್ಳಲಿ ಎಂಬುದು ಉದ್ದೇಶ. ಎಷ್ಟೋ ನೋಟಿಸ್‌ಗಳಿಗೆ ಸರಿಯಾದ ಉತ್ತರವೇ ಬರುವುದಿಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಮಲೆನಾಡು ವಕೀಲರೇ ಇಲ್ಲದ ದಾರಿಯನ್ನೂ ನೋಡಿದೆ. 1951ರಲ್ಲಿ ಧಣಿಗಳ ವಿರುದ್ಧ ಗೇಣಿದಾರರ ಕಾಗೋಡು ಸತ್ಯಾಗ್ರಹ ಆಯಿತು. 1974ರಲ್ಲಿ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಗಳು ಹುಟ್ಟಿದವು. ಅಲ್ಲಿ ವಕೀಲರು ವಾದಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದ್ದರು. ದುಡ್ಡಿದ್ದ ಧಣಿ ದೊಡ್ಡ ವಕೀಲರನ್ನು ಕರೆತಂದರೆ ಗೇಣಿದಾರನ ಗತಿ ಏನು, ಅಲ್ವಾ? ಆದರೆ ಮಂಡಳಿಯ ಆದೇಶದ ಮೇಲೆ ರಿಟ್ ಬಿದ್ದರೆ ಹೈಕೋರ್ಟಿಗೆ ಹೋಗಲೇಬೇಕು. ಅಲ್ಲಿ ವಕೀಲರಿಲ್ಲದೆ ನಡೆಯುವುದಿಲ್ಲ.

ನೇಮಕಕ್ಕೂ ಫೀಸಿಗೂ ರಾಜ್ಯದಲ್ಲಿ ಆಧಾರ 1977ರ ಕಾನೂನು ಅಧಿಕಾರಿಗಳ ನಿಯಮಗಳು. ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರ್ ವಿಷಯ ಬೇರೆ. ಅಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಅರ್ಹರ ಪಟ್ಟಿ ಮಾಡಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ.

ಕಾಗದದಲ್ಲಿ ಹೀಗಿದ್ದರೂ ಸರ್ಕಾರ ಬದಲಾದರೆ ವಕೀಲರೂ ಬದಲಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 1990ರಲ್ಲಿ ಉತ್ತರ ಪ್ರದೇಶ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಂದೇ ಏಟಿಗೆ ತೆಗೆದಾಗ, ಇದು ಮನಸೋಇಚ್ಛೆಯ ಕ್ರಮ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ರದ್ದು ಮಾಡಿತು. 2016ರಲ್ಲಿ ಪಂಜಾಬ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ನೇಮಕ ಪಾರದರ್ಶಕವಾಗಿರಬೇಕು, ಅರ್ಹತೆ ನೋಡಬೇಕು ಎಂದಿತು. ಜನರ ದುಡ್ಡಿನಲ್ಲಿ ಫೀಸು ಕೊಡುವಾಗ ಇಷ್ಟನ್ನಾದರೂ ಕೇಳಬೇಕಲ್ಲ.

ನನಗೆ ಕಾಣುವಂತೆ ನಿಜವಾದ ತೂತು ಫೀಸಿನಲ್ಲಿಲ್ಲ, ಕಡತದಲ್ಲಿದೆ. ದಾವೆಗೆ ಪ್ಯಾರಾವಾರು ಉತ್ತರ, ಅಂದರೆ ದಾವೆಯ ಒಂದೊಂದು ಪ್ಯಾರಾಕ್ಕೂ ಉತ್ತರ, ಬರೆಯಬೇಕಾದದ್ದು ಇಲಾಖೆ. ತಹಶೀಲ್ದಾರ್ ಕಚೇರಿಯಿಂದ ಕಾಗದ ಬರಬೇಕು, ಸರ್ವೆ ನಕ್ಷೆ ಬರಬೇಕು, ಅರಣ್ಯದವರ ಅಭಿಪ್ರಾಯ ಬೇರೆ. ಕಂದಾಯದವರದು ಒಂದು ಗಡಿ, ಅರಣ್ಯದವರದು ಇನ್ನೊಂದು. ಇವೆಲ್ಲ ಕೈಗೆ ಬರದೆ ಎಂಥ ವಕೀಲರಾದರೂ ಏನು ವಾದಿಸುತ್ತಾರೆ? ಸುಮ್ನೆ ವಾಯ್ದೆ ಕೇಳುತ್ತಾರೆ. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಮೇಲ್ಮನವಿ ತಂದಾಗ, ಕಡತ ಮೇಜಿನಿಂದ ಮೇಜಿಗೆ ಹೋಗುವುದು ತಡವಾಯಿತು ಎಂಬ ನೆಪ ಇನ್ನು ನಡೆಯದು ಎಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಕರ್ನಾಟಕದಲ್ಲಿ ಸರ್ಕಾರಿ ವ್ಯಾಜ್ಯ ನಡೆಸಲು 1985ರಲ್ಲೇ ನಿಯಮಗಳು ಬಂದಿದ್ದವು. ಸಾಲದೆಂದು 2023ರಲ್ಲಿ ಒಂದು ಕಾಯ್ದೆಯನ್ನೇ ತಂದರು. ತಡ ಮಾಡಿದ ಅಧಿಕಾರಿಯನ್ನು ಹೊಣೆ ಮಾಡುವುದು ಅದರ ಮುಖ್ಯ ಗುರಿ. ಫೀಸಿಗೆ ಎಷ್ಟು ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವವರು ಜಾಸ್ತಿ ಇದ್ದಾರೆ. ಪ್ಯಾರಾವಾರು ಉತ್ತರ ಯಾವ ದಿನ ವಕೀಲರ ಕೈ ಸೇರಿತು ಎಂದೂ ಅದೇ ಅರ್ಜಿಯಲ್ಲಿ ಕೇಳಬಹುದು.