‘ಹಾಸ್ಪಿಟಲ್ ಅಟ್ ಹೋಮ್’ ನರ್ಸ್: ಹೋಮ್ ನರ್ಸ್ ಅಲ್ಲ

ನಮ್ಮಲ್ಲಿ ‘ಹೋಮ್ ನರ್ಸ್’ ಎಂದರೆ ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಸಿಗೆ ಹಿಡಿದ ಅಜ್ಜಿಯ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುವ ಹೆಣ್ಣುಮಗಳು. ಏಜೆನ್ಸಿಯವರು ಕಳಿಸಿರುತ್ತಾರೆ, ನರ್ಸಿಂಗ್ ಓದಿರಲೇಬೇಕೆಂದೇನೂ ಇಲ್ಲ. ಆ ದುಡಿಮೆ ಸಣ್ಣದಲ್ಲ. ಆದರೆ ಬ್ರಿಟನ್ನಿನಲ್ಲಿರುವ ಮಂಗಳೂರು ಕಡೆಯ ನರ್ಸ್ ಒಬ್ಬರು ರಜೆಗೆ ಊರಿಗೆ ಬಂದು ‘ನಾನೀಗ ಹಾಸ್ಪಿಟಲ್ ಅಟ್ ಹೋಮ್ ತಂಡದಲ್ಲಿದ್ದೇನೆ’ ಎಂದರೆ ಕೇಳಿದವರ ಕಣ್ಣ ಮುಂದೆ ಬರುವುದು ಈ ಚಿತ್ರವೇ. ಅಷ್ಟೆಲ್ಲ ಓದಿ ಕೊನೆಗೆ ಹೋಮ್ ನರ್ಸ್ ಆದಳೇ ಎಂದು ಮರುಗುವವರೂ ಇದ್ದಾರು.

ಗೊಂದಲಕ್ಕೆ ಇನ್ನೊಂದು ಪದವೂ ಕಾರಣ. ಈ ನರ್ಸ್ ನೋಡಿಕೊಳ್ಳುವುದು ‘ಅಕ್ಯೂಟ್’ ರೋಗಿಗಳನ್ನು. ಕನ್ನಡದಲ್ಲಿ ಇದನ್ನು ‘ತೀವ್ರ’ ಎಂದು ಬರೆದುಬಿಡುತ್ತೇವೆ, ಓದುಗರು ‘ಗಂಭೀರ’ ಎಂದು ಓದಿಕೊಳ್ಳುತ್ತಾರೆ. ವೈದ್ಯರ ಮಾತಿನಲ್ಲಿ ಅಕ್ಯೂಟ್ ಎಂದರೆ ಮುಖ್ಯವಾಗಿ ದಿಢೀರನೆ ಬಂದದ್ದು, ಗಂಟೆಗಳಲ್ಲಿ ಇಲ್ಲವೇ ದಿನಗಳಲ್ಲಿ ಏರುಪೇರಾಗುವಂಥದ್ದು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಎಷ್ಟೇ ಗಂಭೀರವಾಗಿದ್ದರೂ ಅಕ್ಯೂಟ್ ಅಲ್ಲ. ಅದೇ ರೋಗಿಯ ಕಾಲಿಗೆ ನಿನ್ನೆ ಸೋಂಕು ತಗುಲಿ ಕೆಂಪು ಮೇಲೇರುತ್ತಿದ್ದರೆ ಅದು ಅಕ್ಯೂಟ್. ಇಂಥ ರೋಗಿಯ ಜಾಗ ಆಸ್ಪತ್ರೆಯ ವಾರ್ಡ್ ಎಂದೇ ಎಲ್ಲರ ಎಣಿಕೆ.

ಆ ವಾರ್ಡನ್ನೇ ಮನೆಗೆ ತರುವುದು ‘ಹಾಸ್ಪಿಟಲ್ ಅಟ್ ಹೋಮ್’. ಇಂಗ್ಲೆಂಡಿನಲ್ಲಿ ಇದನ್ನು ‘ವರ್ಚುವಲ್ ವಾರ್ಡ್’ ಎಂದೂ ಕರೆಯುತ್ತಾರೆ. ನನಗೆ ಈ ಎರಡನೆಯ ಹೆಸರು ಹಿಡಿಸುವುದಿಲ್ಲ, ವಿಡಿಯೊ ಕರೆಯಲ್ಲಿ ಕೆಲಸ ಮುಗಿಸುತ್ತಾರೇನೋ ಎನಿಸುತ್ತದೆ. ಮನೆಯಲ್ಲೇ ಕುಳಿತ ರೋಗಿ ಇಲ್ಲಿ ನಿಜವಾಗಿಯೂ ಅಡ್ಮಿಟ್ ಆಗಿರುತ್ತಾರೆ. ಜವಾಬ್ದಾರಿ ಹೊತ್ತ ಹಿರಿಯ ವೈದ್ಯರಿರುತ್ತಾರೆ, ಪ್ರತಿದಿನ ಪರಿಶೀಲನೆ ನಡೆಯುತ್ತದೆ, ಗುಣವಾದ ಮೇಲೆ ಡಿಸ್ಚಾರ್ಜ್ ಆಗುತ್ತದೆ. ಅವರ ಸೋಫಾ ಕೂಡ ಹಾಸಿಗೆಗಳ ಲೆಕ್ಕಕ್ಕೆ ಸೇರುತ್ತದೆ: 2023ರ ಚಳಿಗಾಲದ ಹೊತ್ತಿಗೆ ಇಂಥ 10,000 ‘ಹಾಸಿಗೆ’ ಇರಬೇಕೆಂದು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಗುರಿ ಇಟ್ಟುಕೊಂಡಿತ್ತು.

ಕಲ್ಪನೆ ಹೊಸದೇನಲ್ಲ. ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆ 1947ರಲ್ಲೇ ರೋಗಿಗಳ ಮನೆಗೆ ಆಸ್ಪತ್ರೆಯ ಸೇವೆ ಕಳಿಸಿತ್ತು. ಪ್ಯಾರಿಸ್ 1957ರಲ್ಲಿ ಆರಂಭಿಸಿತು. ಇಂದಿನ ರೂಪದ ಪ್ರಯೋಗಗಳಲ್ಲಿ ಹೆಚ್ಚು ಹೆಸರಾದದ್ದು 1990ರ ದಶಕದ ನಡುವೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಬ್ರೂಸ್ ಲೆಫ್ ಮತ್ತು ಜೊತೆಗಾರರು ನಡೆಸಿದ್ದು. ಕೋವಿಡ್ ಬಂದು ಆಸ್ಪತ್ರೆಗಳು ತುಂಬಿದಾಗ, 2020ರ ನವೆಂಬರಿನಲ್ಲಿ, ಅಮೆರಿಕದ ಸರ್ಕಾರಿ ವಿಮೆಯೂ ಇದಕ್ಕೆ ಹಣ ಕೊಡಲು ಒಪ್ಪಿತು.

ನರ್ಸ್ ಮನೆಗೆ ಬಂದು ಮಾಡುವುದೇನು? ಬ್ರಿಟನ್ನಿನ ಒಂದು ಚಳಿಗಾಲದ ಬೆಳಿಗ್ಗೆಯನ್ನು ಊಹಿಸಿಕೊಳ್ಳಿ. ಎಪ್ಪತ್ತಾರರ ಮುದುಕರು, ಒಬ್ಬರೇ ವಾಸ. ಸಿಗರೇಟಿನಿಂದ ಶ್ವಾಸಕೋಶ ಎಂದೋ ಹಾಳಾಗಿದೆ, ಈಗ ಮೇಲೊಂದು ಸೋಂಕು. ನರ್ಸ್ ಮಣಿಕಟ್ಟಿಗೆ ಬೆರಳಿಟ್ಟು ನಾಡಿ ನೋಡುತ್ತಾಳೆ. ಅರ್ಧ ನಿಮಿಷ ಕಳೆದರೂ ಬೆರಳು ತೆಗೆಯುವುದಿಲ್ಲ. ಈಗ ಅವಳು ಎಣಿಸುತ್ತಿರುವುದು ನಾಡಿಯನ್ನಲ್ಲ, ಎದೆಯ ಏರಿಳಿತವನ್ನು. ‘ಉಸಿರು ಎಣಿಸುತ್ತೇನೆ’ ಎಂದು ಹೇಳಿದರೆ ಯಾರ ಉಸಿರೂ ಸಹಜವಾಗಿ ಉಳಿಯುವುದಿಲ್ಲ. ನಿಮಿಷಕ್ಕೆ 24. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 89 ತೋರಿಸುತ್ತದೆ. ಕೋವಿಡ್ ಕಾಲದಲ್ಲಿ ಈ ಅಂಕಿ ಕಂಡಿದ್ದರೆ ನಾವೆಲ್ಲ ಆಂಬುಲೆನ್ಸಿಗೆ ಫೋನ್ ಮಾಡಿರುತ್ತಿದ್ದೆವು. ಆದರೆ ಈ ಕಾಯಿಲೆಯ ಕೆಲವರಿಗೆ 88ರಿಂದ 92 ಇದ್ದರೆ ಸಾಕು; ಹೆಚ್ಚು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುವ ಅಪಾಯವಿದೆ. ಇವರು ಅಂಥವರೆಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿದೆ.

ಎಲ್ಲ ಅಂಕಿಗಳನ್ನು ಕೂಡಿ ‘ನ್ಯೂಸ್ 2’ ಎಂಬ ಮುನ್ನೆಚ್ಚರಿಕೆಯ ಅಂಕ ತೆಗೆಯುತ್ತಾರೆ: ಉಸಿರು, ಆಕ್ಸಿಜನ್, ರಕ್ತದೊತ್ತಡ, ನಾಡಿ, ಎಚ್ಚರ, ಜ್ವರ. ಐದು ಮುಟ್ಟಿದರೆ ತುರ್ತು, ಏಳು ಮುಟ್ಟಿದರೆ ಅತಿ ತುರ್ತು. ಈ ಬೆಳಿಗ್ಗೆ ಬಂದದ್ದು ಮೂರು. ನಿನ್ನೆಯೂ ಮೂರೇ. ಕಾಗದದ ಮೇಲೆ ಎಲ್ಲವೂ ನೆಟ್ಟಗಿದೆ.

ಆದರೆ ನಿನ್ನೆ ಇವರು ತಾವೇ ಟೀ ಮಾಡಿ ಕೊಟ್ಟಿದ್ದರು. ಇಂದು ಅದೇ ಲೋಟ ಸಿಂಕಿನಲ್ಲಿ ತೊಳೆಯದೆ ಬಿದ್ದಿದೆ, ರಾತ್ರಿಯ ಊಟ ಮುಚ್ಚಿದಂತೇ ಇದೆ, ಮಾತು ನಾಲ್ಕು ಪದಕ್ಕೊಮ್ಮೆ ತುಂಡಾಗುತ್ತಿದೆ. ವಾರ್ಡಿನಲ್ಲಾಗಿದ್ದರೆ ಊಟದ ತಟ್ಟೆ ಬರುತ್ತದೆ, ಹೋಗುತ್ತದೆ. ಸಿಂಕು ಯಾರಿಗೂ ಕಾಣುವುದಿಲ್ಲ. ಈ ಕೆಲಸದ ಹೆಚ್ಚುಗಾರಿಕೆ ಇರುವುದೇ ಇಲ್ಲಿ ಎಂದು ನಾನು ತಿಳಿದಿದ್ದೇನೆ. ಅವಳು ನೆಬ್ಯುಲೈಸರ್ ಹಚ್ಚಿ, ರಕ್ತ ತೆಗೆದು, ವೈದ್ಯರಿಗೆ ಫೋನ್ ಮಾಡಿ ‘ಅಂಕ ಮೂರೇ, ಆದರೆ ನನಗೆ ಸಮಾಧಾನವಿಲ್ಲ, ಮಧ್ಯಾಹ್ನ ಮತ್ತೆ ಬರುತ್ತೇನೆ’ ಎನ್ನುತ್ತಾಳೆ. ವಾರ್ಡಿನಲ್ಲಿ ಕರೆದರೆ ಬರಲು ಹತ್ತು ಜನರಿದ್ದಾರೆ. ಇಲ್ಲಿ ಮನೆಯಲ್ಲೇ ಬಿಡುವುದೇ, ಆಸ್ಪತ್ರೆಗೆ ಸಾಗಿಸುವುದೇ ಎಂದು ಮೊದಲು ಅಳೆಯಬೇಕಾದವಳು ಅವಳೊಬ್ಬಳೇ. ಅದಕ್ಕೇ ಈ ತಂಡಗಳಿಗೆ ಅನುಭವಸ್ಥರು ಬೇಕು. ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳು ಅಲ್ಲಿ ತಾವೇ ಔಷಧಿ ಬರೆಯಬಹುದು. 2006ರಿಂದ ಆ ಅಧಿಕಾರ ಬಹಳ ವಿಸ್ತಾರಗೊಂಡಿದೆ.

ಉಪಕರಣಗಳಲ್ಲಿ ನನಗೆ ಅಚ್ಚುಮೆಚ್ಚಿನದು ಒಂದು ಪುಟ್ಟ ಬಾಟಲಿ. ಒಳಗೆ ಆಂಟಿಬಯಾಟಿಕ್ ತುಂಬಿದ ರಬ್ಬರಿನ ಬಲೂನು. ವಿದ್ಯುತ್ ಬೇಡ, ಸ್ಟ್ಯಾಂಡ್ ಬೇಡ. ಬಲೂನು ತಾನಾಗಿ ಕುಗ್ಗುತ್ತಾ 24 ಗಂಟೆ ಔಷಧಿಯನ್ನು ರಕ್ತನಾಳಕ್ಕೆ ಹರಿಸುತ್ತದೆ. ರೋಗಿ ಅದನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಗಿಡಕ್ಕೆ ನೀರು ಹಾಕುತ್ತಿರಬಹುದು.

ಎಲ್ಲರಿಗೂ ಇದು ಹೊಂದುವುದಿಲ್ಲ. ಎದೆನೋವಿನ ಹೃದಯಾಘಾತಕ್ಕೆ, ಶಸ್ತ್ರಚಿಕಿತ್ಸೆ ಬೇಕಾದವರಿಗೆ ಆಸ್ಪತ್ರೆಯೇ ಸರಿ. ಮನೆಯವರ ಮೇಲೆ ಬೀಳುವ ಹೊರೆಯೂ ಇದೆ: ಹಗಲಿಗೆ ನರ್ಸ್ ಬಂದು ಹೋದರೆ ರಾತ್ರಿಯ ಎಚ್ಚರ ಹೆಂಡತಿಯದೋ ಮಗಳದೋ. ಪ್ರಚಾರದ ಕರಪತ್ರಗಳಲ್ಲಿ ಇದು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ.

ಕನ್ನಡದಲ್ಲಿ ಏನೆನ್ನೋಣ? ‘ಗೃಹ ಆಸ್ಪತ್ರೆ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ. ‘ಮನೆ ಆರೈಕೆ’ ಎಂದರೆ ಮತ್ತೆ ಗಂಜಿ, ಚಾಪೆಗೇ ಬಂದು ನಿಲ್ಲುತ್ತೇವೆ. ನಾನು ‘ಮನೆವಾರ್ಡ್’ ಎನ್ನುತ್ತೇನೆ. ವಾರ್ಡ್ ನಮ್ಮ ಹಳ್ಳಿಗಳಲ್ಲೂ ಗೊತ್ತಿರುವ ಪದ. ಊರಿಗೆ ಬಂದ ಆ ನರ್ಸ್ ‘ಮನೆವಾರ್ಡಿನಲ್ಲಿದ್ದೇನೆ’ ಎಂದರೆ, ಮರುಗುವ ಬದಲು ‘ಹಾಗೆಂದರೇನು?’ ಎಂದಾದರೂ ಕೇಳುತ್ತಾರೆ.